ಮಧ್ಯಾಹ್ನದೊಳಗೆ ಮೊದಲ ಮೇಜು

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಮುಂಬಯಿ ಹೋಟೆಲುಗಳಲ್ಲಿ ಅಕ್ಕಿ ರುಬ್ಬಿದ್ದೇ ನನ್ನ ವಿದ್ಯೆ. ಆದರೂ ಮೊಮ್ಮಗಳಿಗೆ ವರ್ಷ ತುಂಬಿದ ದಿನದ್ದನ್ನು ಬರೆಯದಿದ್ದರೆ ಈ ಸಂತೋಷ ನನ್ನ ಹೊಟ್ಟೆಯೊಳಗೆ ನಿಲ್ಲುವುದಿಲ್ಲ!

ನನ್ನ ಸೊಸೆ ತಾಷ್ಕೆಂಟಿನವಳು, ಆದರೆ ಕೊರಿಯನ್. ಅವಳ ಅಜ್ಜಿ ಎಳೆಕೂಸಾಗಿದ್ದಾಗ ರಷ್ಯಾದ ಪೂರ್ವ ಕಡಲ ಬದಿಯಲ್ಲಿದ್ದ ಕೊರಿಯನ್ನರನ್ನೆಲ್ಲ ಸರಕಾರ ಗೂಡ್ಸ್ ರೈಲಿಗೆ ತುಂಬಿ ಉಜ್ಬೆಕರ ನಾಡಿಗೆ ಕಳಿಸಿತಂತೆ. ಆ ದೊಡ್ಡ ದೇಶ ಒಡೆದ ಮೇಲೆ ಅವರ ಮೊಮ್ಮಕ್ಕಳು ಮತ್ತೆ ಹೊರಟರು. ಸೊಸೆಯ ಅಣ್ಣ ಮಾಸ್ಕೋಗೆ ಹೋದ, ಅಕ್ಕ ಕೊರಿಯಾಕ್ಕೆ ಹೋದಳು. ಇವಳು ಬಂದದ್ದು ದುಬೈಗೆ, ಜುಮೇರಾ ಲೇಕ್ ಟವರ್ಸಿನ ಆಫೀಸಿನಲ್ಲಿ ನನ್ನ ಮಗನ ಪಕ್ಕದ ಕುರ್ಚಿಗೆ!

ಅವರಲ್ಲಿ ಮನುಷ್ಯನಿಗೆ ಬಾಳಿನಲ್ಲಿ ಮೂರು ಸಲ ಹಬ್ಬದ ಮೇಜು ಹಾಕುತ್ತಾರೆ: ವರ್ಷ ತುಂಬಿದಾಗ, ಮದುವೆಗೆ, ಅರವತ್ತಕ್ಕೆ. ಮೊದಲನೆಯದು ಮಧ್ಯಾಹ್ನದೊಳಗೆ ಆಗಬೇಕು. ಅದು ತಪ್ಪಿದವರಿಗೆ ಉಳಿದೆರಡೂ ಇಲ್ಲ. ರೈಲಿನ ಗಲಾಟೆಯಲ್ಲಿ ಆ ಅಜ್ಜಿಗೆ ತಪ್ಪಿತ್ತು. ಅರವತ್ತಾದಾಗ ಮಕ್ಕಳು ಎಷ್ಟು ಕರೆದರೂ ಅವರು ಮೇಜಿಗೆ ಕೂರಲಿಲ್ಲವಂತೆ. ಹಾಗಾಗಿ ನನ್ನ ಬೀಗಿತ್ತಿ ತಾನೇ ಬಂದು ಅಕ್ಕಿ ಕುಟ್ಟಿ ಮೇಜಿಗೆ ಬೇಕಾದ ತಿಂಡಿ ಮಾಡುತ್ತೇನೆಂದು ಹಟ ಹಿಡಿದಿದ್ದರು. ಹುಟ್ಟುಹಬ್ಬಕ್ಕೆ ಎರಡೇ ದಿನ ಉಳಿದರೂ ವೀಸಾ ಬರಲಿಲ್ಲ. ಸೊಸೆ ಅಡುಗೆಮನೆಯಲ್ಲಿ ನಿಂತು ಅತ್ತಳು.

“ಅಳ್ಬೇಡ ಮಗಾ. ಅಕ್ಕಿ ಅಲ್ವಾ? ನಾನಿಲ್ವಾ?” ಎಂದೆ.

ಊರಿನ ಕುಚ್ಚಲಕ್ಕಿ ಬೇಯಿಸಿ ಕುಟ್ಟಿದೆ. ವಿಡಿಯೋ ಕಾಲಿನಲ್ಲಿ ನೋಡಿದ ಬೀಗಿತ್ತಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅದು ಮರಳಿನ ಹಾಗೆ ಉದುರುತ್ತಿತ್ತು! ಎರಡು ಬೆರಳು ಕೂಡಿಸಿ ಎಳೆದು ತೋರಿಸಿದರು: ಹೀಗೆ ಅಂಟಬೇಕು.

“ಐವತ್ತು ವರ್ಷ ಹೋಟೆಲಲ್ಲಿ ಎಂತ ಮಾಡಿದ್ದು ಅಪ್ಪ?” ಮಗ ಕಿಚಾಯಿಸಿದ.

“ಬಾಯಿ ಮುಚ್ಚಿ ಅಂಟುವ ಅಕ್ಕಿ ಹುಡುಕು ಮಾರಾಯ!”

ದುಬೈಯ ಅಲ್ ನಹ್ದಾದಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೇ ಇರುವ ಫಿಲಿಪಿನೋ ಅಂಗಡಿಯಲ್ಲಿ ಅದು ಸಿಕ್ಕಿತು. ರಾತ್ರಿಯಿಡೀ ನೆನೆಹಾಕಿ, ಹುಟ್ಟುಹಬ್ಬದ ಬೆಳಿಗ್ಗೆ ಹಬೆಯಲ್ಲಿ ಬೇಯಿಸಿ, ದೊಡ್ಡ ಸ್ಟೀಲ್ ಪಾತ್ರೆಗೆ ಹಾಕಿ ಲಟ್ಟಣಿಗೆಯಿಂದ ಕುಟ್ಟತೊಡಗಿದೆ. ಧಡ್ ಧಡ್! ವಾಚ್‌ಮನ್ ಮೇಲೆ ಬಂದ.

“ಚಾಚಾ, ಡ್ರಿಲ್ಲಿಂಗಾ?”

“ಮಾಫಿ ಡ್ರಿಲ್ಲಿಂಗ್! ಬರ್ತ್‌ಡೇ!” ಇಲ್ಲ ಎನ್ನುವುದಕ್ಕೆ ಇಲ್ಲಿ ಎಲ್ಲರ ಬಾಯಲ್ಲೂ ಮಾಫಿಯೇ.

ತೋಳು ಸೋತಿತು. ಆದರೆ ಬೆರಳಿಗೆ ಎಳೆ ಬಂತು! ಫೋನಿನಲ್ಲಿ ಬೀಗಿತ್ತಿ ಚಪ್ಪಾಳೆ ತಟ್ಟಿದರು.

ಹನ್ನೊಂದೂ ಮುಕ್ಕಾಲಿಗೆ ಮೇಜು ಸಿದ್ಧ. ನನ್ನ ತಿಂಡಿ, ಒಂದು ಬಟ್ಟಲು ಅಕ್ಕಿ, ನೂಲಿನ ಉಂಡೆ, ಪುಸ್ತಕ. ಮಗು ಯಾವುದನ್ನು ಮೊದಲು ಹಿಡಿಯುತ್ತದೋ ಅದೇ ಅದರ ಬಾಳು. ಚಿನ್ನದಂಥ ಹುಡುಗಿ ಎಲ್ಲ ಬಿಟ್ಟು ಫೋನಿನಲ್ಲಿದ್ದ ಅಜ್ಜಿಯ ಮುಖಕ್ಕೇ ಕೈ ಚಾಚಿದಳು. “ನ್ಯೆತ್! ನ್ಯೆತ್!” ಬೇಡ ಬೇಡ ಎಂದು ತಾಷ್ಕೆಂಟಿನಿಂದ ಬೀಗಿತ್ತಿ ಕೂಗಿದರು. ಮಗು ಬೆಚ್ಚಿ ಹಿಂದಕ್ಕೆ ಸರಿದು, ಎರಡೂ ಕೈಯನ್ನು ಮೊಣಕೈವರೆಗೆ ಅಕ್ಕಿಯೊಳಗೆ ಮುಳುಗಿಸಿತು.

ಅಂದರೆ ಯಾವತ್ತೂ ಹಸಿಯುವುದಿಲ್ಲ ಎಂದು ಸೊಸೆ ಅಳುತ್ತಲೇ ಹೇಳಿದಳು. ಫೋನಿನೊಳಗೆ ಬೀಗಿತ್ತಿಯೂ ಅಳುತ್ತಿದ್ದರು. ನಾನು ಮಾತ್ರ ಕುಣಿಯುತ್ತಿದ್ದೆ!

ಮೊದಲ ಮೇಜು ಆಯಿತು, ಇನ್ನು ಎರಡನೆಯದು ಅವಳ ಹಕ್ಕು. ಮದುವೆಯ ಅಕ್ಕಿಯನ್ನೂ ನಾನೇ ಕುಟ್ಟುವುದೆಂದು ಅವತ್ತೇ ಎಲ್ಲರೆದುರು ಹೇಳಿಬಿಟ್ಟೆ. ಅಷ್ಟರಲ್ಲಿ ನನಗೆ ತೊಂಬತ್ತು ದಾಟಿರುತ್ತದೆ. ದಾಟಲಿ!