ಮಿಂಚುವೀರನ ಹೊಟ್ಟೆಯೊಳಗೆ

ಸಂತೆಬಾಚಹಳ್ಳಿ ಕಡೆಯ ಚಲುವರಾಜು ಕೋಪಕ್ಕೆ ಹೆಸರಾದ ಮನುಷ್ಯ. ತೋಟದಲ್ಲಿ ನಿಂತು ಅವನು ಎತ್ತನ್ನು ಗದರಿದರೆ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು ಮನೆಯೊಳಗೆ ಓಡುತ್ತಿದ್ದವು. ಇಸ್ಕೂಲು ಬಿಟ್ಟದ್ದೂ ಮೇಷ್ಟ್ರ ಮೇಲೆ ಸ್ಲೇಟು ಎಸೆದೇ. ಹೆಂಡತಿ ಚಿಕ್ಕಬೋರಮ್ಮ ಅವನಿಗೇನೂ ಅಂಜುತ್ತಿರಲಿಲ್ಲ. "ಕೂಗ್ಕೊ, ಕೂಗಿ ಸಾಕಾದ್ಮೇಲೆ ಬಂದು ಉಣ್ಣು" ಎನ್ನುತ್ತಿದ್ದಳು. ಅಂಜುತ್ತಿದ್ದವಳು ಕಾಲೇಜು ಓದುವ ಮಗಳು ಶ್ವೇತ. ಅಪ್ಪ ಒಳಗೆ ಕಾಲಿಟ್ಟರೆ ಅವಳ ಮಾತು ನಿಲ್ಲುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ಏನು ಮಾಡಬೇಕೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಆಗ ಭಾನುವಾರ ಬೆಳಿಗ್ಗೆ ಟಿ.ವಿ.ಯಲ್ಲಿ 'ಮಿಂಚುವೀರ' ಎಂಬ ಕಾರ್ಟೂನು ಬರುತ್ತಿತ್ತು. ಕೆಂಪು ಚಡ್ಡಿ, ಹಳದಿ ಮುಖವಾಡದ ಶೂರ. ಮುಖವಾಡ ತೆಗೆದರೆ ಅಂಚೆ ಕಚೇರಿಯ ಪುಕ್ಕಲು ಗುಮಾಸ್ತ. ತಾನು ಯಾರೆಂದು ಊರಿಗೆ ತಿಳಿಯದಂತೆ ಅವನು ಪಡುವ ಪಾಡೇ ನಗು. ಒಂದು ವಾರ ಅವನ ತಾಯಿ ಮುಖವಾಡವನ್ನು ಒಗೆಯಲು ಹಾಕಿಬಿಟ್ಟಿದ್ದಳು. ಪಾಪ, ಅವನು ತಲೆಗೆ ಬಕೆಟ್ಟು ಕವುಚಿಕೊಂಡು ಹೋಗಿ ಕಳ್ಳರನ್ನು ಹಿಡಿದ. ಪಕ್ಕದ ಮನೆಯ ಟಿ.ವಿ. ಮುಂದೆ ಸೇರಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕವು. ಚಲುವರಾಜು ಬಾಗಿಲಲ್ಲೇ ನಿಂತು, "ಮಾಡಕ್ಕೆ ಕೆಲ್ಸ ಇಲ್ದೋರು" ಎಂದು ಬೈಯುತ್ತ ಕೊನೆಯವರೆಗೂ ನೋಡಿದ.

ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿನ ಎದುರು ನರಸಯ್ಯ ಎಂಬಾತ ಟಿ.ವಿ. ಅಂಗಡಿ ತೆರೆದ. ಜನ ಸೇರಲೆಂದು ಗಂಜಾಂನ ಚಿಕ್ಕಮಾದಯ್ಯನಿಂದ ಗಾರುಡಿ ಬೊಂಬೆ ಮಾಡಿಸಿದ. ರಾಜನೂ ಅಲ್ಲ, ರಾಣಿಯೂ ಅಲ್ಲ, ಮಿಂಚುವೀರನದೇ ಬೊಂಬೆ. ಬಿದಿರಿನ ತಡಿಕೆಗೆ ಕಾಗದ, ಬಟ್ಟೆ ಅಂಟಿಸಿದ, ಎರಡಾಳು ಎತ್ತರದ ಆಕೃತಿ. ಒಳಗೆ ಹೊಕ್ಕವನು ಅದನ್ನು ಹೆಗಲ ಮೇಲೆ ಹೊತ್ತು ಕುಣಿಯಬೇಕು. ದಾರಿ ನೋಡಲು ಬೊಂಬೆಯ ಹೊಟ್ಟೆಯಲ್ಲಿ ಅಂಗೈಯಗಲದ ಕಿಂಡಿ. ಅಷ್ಟರಲ್ಲಿ ಹೊರಬೇಕಿದ್ದ ಚಿಕ್ಕಮಾದಯ್ಯನ ಮಂಡಿ ಊದಿಕೊಂಡಿತು. ಹುಡುಗತನದಲ್ಲಿ ಗಂಜಾಂನ ಸೋದರಮಾವನ ಮನೆಯಲ್ಲಿದ್ದಾಗ ಚಲುವರಾಜು ಚಿಕ್ಕಮಾದಯ್ಯನ ಜೊತೆಯಲ್ಲೇ ಬೊಂಬೆ ಹೊತ್ತಿದ್ದವನು. ಚಿಕ್ಕಮಾದಯ್ಯ ಕುಂಟುತ್ತ ಅವನ ತೋಟಕ್ಕೇ ಬಂದ.

"ನಿನ್ನ ಬುಟ್ರೆ ಈ ತಡಿಕೆ ಇನ್ಯಾರ ಹೆಗಲ್ಗೂ ಕೂರಾಕಿಲ್ಲ ಕಣ್ಲಾ."

"ಥೂ, ಮಾನಗೆಟ್ಟೋನೆ! ಬೀದೀಲಿ ಕುಣಿಯಕ್ಕೆ ನನ್ನ ಕರೀತೀಯಾ?"

"ಒಳ್ಗಿರೋನು ಯಾರು ಅಂತ ನರಪಿಳ್ಳೆಗೂ ಗೊತ್ತಾಗಾಕಿಲ್ಲ. ಬಾಯೊಂದು ಮುಚ್ಕೊಂಡಿರು. ಬೊಂಬೆ ಮಾತಾಡ್ಬಾರ್ದು, ಅಷ್ಟೇಯ."

ಊರಿನ ತಮ್ಮಯ್ಯನ ಮಗ ಆರ್ಕೆಸ್ಟ್ರಾ ಸೇರಿದನೆಂದು ಅರಳಿಕಟ್ಟೆಯಲ್ಲಿ ಎಲ್ಲರೆದುರು ಆ ಹುಡುಗನ ಮಾನ ಕಳೆದಿದ್ದವನು ಇದೇ ಚಲುವರಾಜು. "ಮೈ ಕುಣಿಸೋದು ಮನೆತನಸ್ತರ ಕೆಲ್ಸವೇನ್ಲಾ?" ಎಂದು ಕೇಳಿದ್ದ ಬಾಯಿ ಅದು. ತಾನೇ ಬೊಂಬೆಯೊಳಗೆ ಸಿಕ್ಕಿಬಿದ್ದರೆ ಆ ಕಟ್ಟೆಯ ಹತ್ತಿರ ಸುಳಿಯುವಂತೆಯೂ ಇಲ್ಲ. ಆದರೂ ಗೆಳೆಯನಿಗಾಗಿ ಒಪ್ಪಿದ. ಮನೆಯಲ್ಲಿ ಸೊಸೈಟಿಯ ಗೊಬ್ಬರದ ಕೆಲಸ ಎಂದ.

ಮೊದಲ ದಿನವೇ ಅವನಿಗೆ ಕುಣಿತದ ಹುಚ್ಚು ಹಿಡಿಯಿತು. ಬಸ್ಸಿಳಿದ ಮಕ್ಕಳೆಲ್ಲ "ಮಿಂಚುವೀರಾ!" ಎಂದು ಓಡಿಬಂದು ಬೊಂಬೆಯ ಕಾಲು ತಬ್ಬಿದವು. ಅವನನ್ನು ಕಂಡು ಓಡಿಹೋದ ಮಕ್ಕಳನ್ನಷ್ಟೇ ಅವನು ನೋಡಿದ್ದ, ಓಡಿಬಂದ ಮಕ್ಕಳನ್ನು ನೋಡಿರಲಿಲ್ಲ. ಕತ್ತಲೆಯಲ್ಲಿ, ಬೆವರಿನಲ್ಲಿ, ಗೋಂದಿನ ವಾಸನೆಯಲ್ಲಿ ಚಲುವರಾಜು ಒಬ್ಬನೇ ನಗುತ್ತಿದ್ದ. ಒಂದು ಮಗು ಕಿಂಡಿಯೊಳಗೆ ಕಡಲೆ ಮಿಠಾಯಿ ತೂರಿಸಿತು. ಅದನ್ನು ತಿನ್ನುತ್ತ ಕುಣಿದ.

ಆ ವಾರ ಮುಗಿಯುವುದರೊಳಗೆ ಎಲ್ಲ ಕೆಟ್ಟಿತು.

ಕಾಲೇಜು ಬಿಟ್ಟ ಹೊತ್ತು. ಕಿಂಡಿಯಲ್ಲಿ ಕಬ್ಬಿನ ಹಾಲಿನ ಅಂಗಡಿ ಕಂಡಿತು. ಅಲ್ಲಿ ಶ್ವೇತ. ಅವಳೆದುರು ಒಬ್ಬ ಹುಡುಗ ಅತ್ತಿತ್ತ ವಾಲಾಡುತ್ತಿದ್ದ, ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮನೆಯಲ್ಲಿ ತುಟಿ ಬಿಚ್ಚದ ಮಗಳು! ಚಲುವರಾಜುವಿನ ನೆತ್ತಿ ಕಾದುಹೋಯಿತು. ಬೊಂಬೆಯ ಹೊಟ್ಟೆಯಿಂದ ಗುಡುಗು ಬಂತು.

"ಏನಮ್ಮೀ ಶ್ವೇತಾ! ಯಾವನವ್ನು? ಓದಕ್ಕೆ ಕಳ್ಸುದ್ರೆ ಬೀದೀಲಿ ಹಲ್ಲು ಕಿಸೀತಾ ನಿಂತಿದ್ದೀಯಾ? ಕಾಲು ಮುರ್ದಾಕ್ಬುಡ್ತೀನಿ!"

ಬಸ್ ಸ್ಟ್ಯಾಂಡೇ ತಿರುಗಿ ನೋಡಿತು. ಕಾಲು ತಬ್ಬಿದ್ದ ಮಗು ಕಿಟಾರನೆ ಚೀರಿ ಅಮ್ಮನ ಸೆರಗು ಹಿಡಿಯಿತು.

"ಏನವ್ವಾ, ಬೊಂಬೆಯೋನು ನಿನ್ನ ಎಸ್ರಿಡ್ದು ಕರೀತಾನೆ? ಯಾರವ್ವ ಅವ್ನು?" ಎಂದು ಕೇಳಿದವಳು ಹೂ ಮಾರುವ ಮುದುಕಿ ಪುಟ್ಟತಾಯಮ್ಮ.

"ಮಿಂಚುವೀರುಂಗೂ ಒಬ್ಳವಳೆ ಬುಡ್ರಪ್ಪ, ಪಾಪ, ಒಟ್ಟೆಕಿಚ್ಚು!" ಎಂದು ಕಂಡಕ್ಟರೊಬ್ಬ ನಕ್ಕ. ಸುತ್ತಲಿದ್ದವರೂ ನಕ್ಕರು.

ಶ್ವೇತಳ ಮುಖ ಬಿಳಿಚಿತು. ಬೊಂಬೆಯ ಕಡೆ ಒಂದು ಸಲ ನೋಡಿದಳು. "ನಂಗೊತ್ತಿಲ್ಲ ಕಣಜ್ಜಿ. ಯಾರೋ ಕುಡ್ಕಂಡಿರ್ಬೇಕು" ಎಂದಳು.

ಚಲುವರಾಜು ಬೊಂಬೆಯನ್ನು ತುಸು ತಿರುಗಿಸಿದ. ಕಿಂಡಿಗೆ ಇನ್ನೊಬ್ಬಳು ಸಿಕ್ಕಳು, ಪ್ರಜ್ಞ. ಮೇಷ್ಟ್ರು ರಾಮಸ್ವಾಮಿಯವರ ಮಗಳು, ಶ್ವೇತಳ ಗೆಳತಿ, ಅವನ ಮನೆಗೇ ಬಂದು ಅವರೆಕಾಯಿ ಬಿಡಿಸಿ ಹೋದ ಹುಡುಗಿ. ಆ ಹುಡುಗ ಅವಳ ತಮ್ಮ ಅಭಯ್. ಬೊಂಬೆಯ ನಡಿಗೆಯನ್ನೇ ಅಣಕಿಸಿ ಇಬ್ಬರನ್ನೂ ನಗಿಸುತ್ತಿದ್ದನಷ್ಟೆ. ಮೂರು ಜನ ನಿಂತಿದ್ದಲ್ಲಿ ಕಿಂಡಿ ಅವನಿಗೆ ಇಬ್ಬರನ್ನು ತೋರಿಸಿತ್ತು.

ಹಾಗೇ ಅಂಗಡಿಯ ಹಿಂದಕ್ಕೆ ಹೋಗಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಮಗಳೇ ಮುಚ್ಚಿಹಾಕಿದ್ದಾಳೆ. ಅವನು ನಿಜವಾಗಿಯೂ ಹೊರಟ. ಬೆನ್ನ ಹಿಂದೆ ಯಾರೋ ಅಂದರು: "ಸುಮ್ನೆ ಯಾರಾದ್ರೂ ಎಸ್ರು ಕೂಗ್ತಾರಾ? ಏನೋ ನಡ್ದದೆ ಬುಡು."

ಅವನ ಕಾಲು ನಿಂತಿತು. ಆದರೆ ತಡಿಕೆಯನ್ನು ಹೊತ್ತವನೇ ಇಳಿಸಲಾರ, ಎರಡೂ ಕಡೆ ಹಿಡಿದು ಬೇರೆಯವರು ಎತ್ತಬೇಕು.

"ಯಾರಾದ್ರೂ ಎತ್ರಪ್ಪ" ಎಂದ. ಯಾರೂ ಹತ್ತಿರ ಬರಲಿಲ್ಲ. "ಎತ್ರಪ್ಪಾ, ಕಾಲಿಗ್ಬೀಳ್ತೀನಿ."

ಬಂದವನು ಅಭಯ್. ಹೆದರುತ್ತಲೇ ಒಂದು ಕಡೆ ಹಿಡಿದ. ಇನ್ನೊಂದು ಕಡೆ ಶ್ವೇತ ಹಿಡಿದಳು. ಮಿಂಚುವೀರ ಮೇಲೇರಿದ. ಕೆಳಗೆ ಒದ್ದೆ ಬನಿಯನ್, ಪಟ್ಟಾಪಟ್ಟಿ ಚಡ್ಡಿಯಲ್ಲಿ ಚಲುವರಾಜು ನಿಂತಿದ್ದ. ಸಂತೆಬಾಚಹಳ್ಳಿ ಬಸ್ಸಿಗೆ ಕಾದಿದ್ದವರೆಲ್ಲ ಅವನ ಊರಿನ ಕಡೆಯವರೇ.

"ಇವ್ಳು ನನ್ನ ಮಗ್ಳು" ಎಂದ. ಅಷ್ಟು ದೊಡ್ಡ ಗಂಟಲು ಇಳಿದಿತ್ತು, ಆದರೂ ಎಲ್ಲರಿಗೂ ಕೇಳಿತು. "ಕೂಗ್ದೋನು ನಾನು. ಮಗೀದು ಏನೂ ತಪ್ಪಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು, ಒಬ್ಬನಿಗಾದರೂ ಬೈಯಬಹುದಿತ್ತು.

ಬಸ್ಸಿನಲ್ಲಿ ಶ್ವೇತ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಅವನು ಹಿಂದೆ ಕಂಬಿ ಹಿಡಿದು ನಿಂತ. ಇಳಿದು ತೋಟದ ದಾರಿ ಹಿಡಿದ ಮೇಲೆ ಕೇಳಿದ:

"ನಾನು ಅಂತ ಕೂಗ್ದಾಗ ತಿಳೀತಾ?"

"ಮೊದ್ಲ ದಿನ್ವೇ ತಿಳೀತು. ನಿಂತ್ಕಂಡಾಗ ಎಡ್ಗಾಲಿಂದ ಬಲ್ಗಾಲು ಕೆರ್ಕೊತಿದ್ಯಲ್ಲ."

"ಮತ್ಯಾಕಮ್ಮಿ ಯೋಳ್ನಿಲ್ಲ?"

"ಯೋಳುದ್ರೆ ನೀನು ನಿಲ್ಲಿಸ್ಬುಡ್ತಿದ್ದೆ. ನೀನು ಮಕ್ಳ ಜೊತೆ ಕುಣಿಯೋದ ನೋಡಕ್ಕೇಂತ್ಲೇ ದಿನಾ ಅಲ್ಲಿ ನಿಂತ್ಕೊತಿದ್ದೆ ಕಣಪ್ಪ."

ಬೈಗುಳವನ್ನು ಬಿಟ್ಟು ಬೇರೆ ಮಾತನ್ನು ಅವನು ಕೂಡಿಟ್ಟವನೇ ಅಲ್ಲ. ಶ್ವೇತ ಮುಂದೆ ನಡೆದಳು. ಚಲುವರಾಜು ಚಪ್ಪಲಿಯ ಉಂಗುಷ್ಟ ಸರಿಮಾಡುವವನಂತೆ ಬಗ್ಗಿದ. ಅವಳು ಮನೆ ಸೇರುವವರೆಗೂ ತಲೆ ಎತ್ತಲಿಲ್ಲ.