ಕಲ್ಲಿಕೋಟೆಯ ಇಲ್ಲದ ವಕೀಲರು

ಕಲ್ಲಿಕೋಟೆಯಲ್ಲಿ ನನಗೊಬ್ಬ ವಕೀಲರಿದ್ದಾರೆ ಎಂದು ನನ್ನ ಹೆಂಡತಿ ಎಂಟು ತಿಂಗಳು ನಂಬಿದ್ದಳು. ಅಂಥವರು ಯಾರೂ ಇರಲಿಲ್ಲ.

ಅವಳು ನರ್ಸ್. ಅವಳ ಕೆಲಸದಿಂದಾಗಿ ನಮ್ಮ ಮೂವರಿಗೂ ಕೆನಡಾದಲ್ಲಿ ಕಾಯಂ ವಾಸದ ಕಾರ್ಡು ಸಿಕ್ಕಿತು. ಆಗ ಮಗಳಿಗೆ ಆರು ವರ್ಷ. ಹೆಸರು ಕಾಯಂ ಆದರೂ ಷರತ್ತು ಇತ್ತು. ಐದು ವರ್ಷಗಳಲ್ಲಿ ಎಲ್ಲ ಸೇರಿ ಎರಡು ವರ್ಷವಾದರೂ ಆ ದೇಶದಲ್ಲಿ ಇರಬೇಕು, ಇಲ್ಲದಿದ್ದರೆ ಆ ಹಕ್ಕು ಹೋಗಬಹುದು. ಅವಳೂ ಮಗಳೂ ಅಲ್ಲೇ ಇದ್ದರು, ಅವರಿಗೆ ಚಿಂತೆಯಿರಲಿಲ್ಲ. ನಾನು ಮೊದಲ ಸಲ ಒಂಬತ್ತು ತಿಂಗಳು ಇದ್ದೆ. ಮೀನು ಇಡುವ ಶೀತಲ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ. ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಆದರೆ ಸಂಜೆ ಮನೆಗೆ ಬಂದರೆ ಆ ದಿನ ನಾನು ಮಾಡಿದ್ದು ಇಂಥದ್ದು ಎಂದು ಹೇಳಲು ಏನೂ ಇರುತ್ತಿರಲಿಲ್ಲ.

ಊರಲ್ಲಿ ನನ್ನದು ಸೋಲಾರ್ ಬೇಲಿಯ ಕೆಲಸ. ಕಾಡಂಚಿನ ನಮ್ಮೂರು ತೃಶ್ಶಿಲೇರಿಯ ಸುತ್ತಮುತ್ತ ಆನೆ, ಹಂದಿ ಬರುವ ಗದ್ದೆ ತೋಟಗಳಿಗೆ ತಂತಿ ಎಳೆಯುವುದು, ಕೆಟ್ಟರೆ ಸರಿಮಾಡುವುದು. ಮೂರು ತಿಂಗಳಿಗೆಂದು ಬಂದವನು ಒಂದೂವರೆ ವರ್ಷ ನಿಂತೆ. ಮತ್ತೆ ಹೋಗಿ ಐದು ತಿಂಗಳಿದ್ದು ಬಂದೆ. ಬಂದ ಮರುದಿನವೇ ಗದ್ದೆಯಾಚೆ ಮನೆಯ ಮಲಯಾಳಿ ಅಮ್ಮ, ನನ್ನನ್ನು ಮಗನೇ ಎನ್ನುವವರು, ಫೋನ್ ಮಾಡಿದರು. "ಮೋನೇ, ತಂತಿಲಿ ಕರೆಂಟೇ ಇಲ್ಲ. ಬಾಳೆ ಎಲ್ಲ ಹಂದಿ ಮಗುಚಿ ಹಾಕ್ತು. ನೀ ಬೇಗ ಬಾ, ಕೇಳಿತಾ, ಕೇಟ್ಟೋ." ಪೆಟ್ಟಿಗೆಯ ಬೀಗ ತೆಗೆಯುವ ಮೊದಲೇ ಹೊರಟೆ.

ಒಟ್ಟು ಹದಿನಾಲ್ಕು ತಿಂಗಳಾಗಿತ್ತು. ಇನ್ನೂ ಹತ್ತು ಬೇಕು. ಅಂದರೆ ಐದು ವರ್ಷ ತುಂಬುವುದಕ್ಕೆ ಹತ್ತು ತಿಂಗಳಿರುವಾಗ ನಾನು ವಿಮಾನ ಹತ್ತಿರಲೇಬೇಕು. ಆ ತಾರೀಖು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಬಂದ ದಿನ ಇಡೀ ಹಗಲು ಒಬ್ಬರ ತೋಟದಲ್ಲಿ ಕಂಬ ನೆಡುತ್ತಿದ್ದೆ. ಮಧ್ಯಾಹ್ನ ಅವರ ಮನೆಯಲ್ಲೇ ಕಂಜಿ ಕುಡಿದೆ. ಇವತ್ತೇ ಆ ದಿನ ಎಂದು ಯಾರಿಗೂ ಹೇಳಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಹೆಂಡತಿ ಕೇಳಿದಳು. ಕಾಗದಪತ್ರದ ಹೊಣೆ ಮೊದಲಿಂದಲೂ ನನ್ನದೇ. ಹನ್ನೆರಡು ಗಂಟೆಯ ಡ್ಯೂಟಿ ಮಾಡುವವಳಿಗೆ ಅದನ್ನೆಲ್ಲ ನೋಡಲು ಪುರುಸೊತ್ತಿರಲಿಲ್ಲ.

"ನಿಮ್ಮ ದಿನ ಸಾಕಾಗತ್ತಾ?"

"ಕಡಿಮೆ ಬಿದ್ರೆ ಆಮೇಲೂ ತುಂಬಿಸಬಹುದಂತೆ. ಕಲ್ಲಿಕೋಟೆಲಿ ಒಬ್ಬ ವಕೀಲರನ್ನ ಕೇಳ್ದೆ."

ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಅವಳು ನಿಟ್ಟುಸಿರು ಬಿಟ್ಟು, "ಸದ್ಯ" ಎಂದಳು. ಅಲ್ಲಿಂದ ಮುಂದೆ ವಕೀಲರು ನಮ್ಮ ಮನೆಯವರೇ ಆಗಿಬಿಟ್ಟರು. ಅವರಿಗೆ ವಯಸ್ಸಾಗಿದೆ ಎಂದೆ. ಕೋರ್ಟಿನ ಹತ್ತಿರ ಆಫೀಸು ಎಂದೆ. ಒಮ್ಮೆ ಅವರಿಗೆ ಕಣ್ಣಿನ ಆಪರೇಷನ್ ಕೂಡ ಮಾಡಿಸಿದೆ, ಏಕೆಂದರೆ ಅವಳು ಒಂದು ಪ್ರಶ್ನೆಗೆ ಲಿಖಿತ ಉತ್ತರ ಬೇಕೆಂದಿದ್ದಳು.

ಐದು ವರ್ಷ ತುಂಬಿತು. ಕಾರ್ಡು ಕೈಗೆ ಬಂದದ್ದು ಅಲ್ಲಿ ಇಳಿದು ಎರಡು ತಿಂಗಳಾದ ಮೇಲೆ; ಹಾಗಾಗಿ ಅದರಲ್ಲಿ ಅಚ್ಚಾದ ಅವಧಿಗೆ ಇನ್ನೆರಡೇ ತಿಂಗಳಿದ್ದಾಗ ಒಂದು ಸಂಜೆ ವಿಡಿಯೋ ಕರೆ ಬಂತು. ಅಲ್ಲಿ ಬೆಳಿಗ್ಗೆ. ರಾತ್ರಿ ಪಾಳಿ ಮುಗಿಸಿ ಬಂದ ಅವಳು ಯೂನಿಫಾರ್ಮಿನಲ್ಲೇ ಕೂತಿದ್ದಳು, ಮುಂದೆ ಕಾಗದಗಳು.

"ನಾನೂ ಮಗಳೂ ಪೌರತ್ವಕ್ಕೆ ಹಾಕ್ತಾ ಇದೀವಿ. ಒಟ್ಟಿಗೆ ನಿಮ್ಮ ಹೊಸ ಕಾರ್ಡಿಗೂ ಹಾಕೋಣ ಅಂತ. ಆದ್ರೆ ನಮ್ಮ ವಾರ್ಡಲ್ಲಿ ಎಲ್ರೂ ಬೇರೆ ಥರ ಹೇಳ್ತಾರೆ. ಐದು ವರ್ಷದ ಒಳಗೇ ತುಂಬಬೇಕಂತೆ. ವಕೀಲರ ನಂಬರ್ ಕೊಡಿ, ನಾನೇ ಮಾತಾಡ್ತೀನಿ."

"ಅವರು ಈಗ ಸಿಗಲ್ಲ."

"ಸಿಕ್ಕಾಗ ಮಾತಾಡ್ತೀನಿ. ನಂಬರ್ ಕೊಡಿ."

ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು. ಹತ್ತು ಅಂಕಿ ಏನಾದರೂ ಹೇಳಿಬಿಡಲೇ ಎಂದು ನಿಜವಾಗಿ ಯೋಚಿಸಿದೆ. ಒಂಬತ್ತು, ನಾಲ್ಕು ಎಂದು ಶುರುವನ್ನೂ ಮಾಡಿದೆ. ಅವಳು ಬರೆದುಕೊಂಡಳು. ಆ ಎರಡು ಅಂಕಿಯನ್ನು ಅವಳು ಅಷ್ಟು ಗುಂಡಗೆ ಬರೆದದ್ದು ಕಂಡು ಅಲ್ಲಿಗೇ ನಿಲ್ಲಿಸಿದೆ.

"ವಕೀಲರು ಇಲ್ಲ," ಎಂದೆ.

"ಅಂದ್ರೆ? ತೀರ್ಕೊಂಡ್ರಾ?"

"ಇರಲೇ ಇಲ್ಲ. ನಾನು ಸುಳ್ಳು ಹೇಳ್ದೆ. ದಿನ ಸಾಲಲ್ಲ ಅಂತ ನಂಗೆ ಅವತ್ತಿಂದ್ಲೇ ಗೊತ್ತು."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಕರೆ ನಿಂತಿತು.

ಹತ್ತೊಂಬತ್ತು ದಿನ ಅವಳ ದನಿಯಿಲ್ಲ. ಮಗಳು ಮಾತ್ರ ಎರಡು ಸಲ ಫೋನ್ ಮಾಡಿ ಶಾಲೆಯ ವಿಷಯ ಹೇಳಿದಳು. ಇಪ್ಪತ್ತನೆಯ ದಿನ ಹೆಂಡತಿಯ ಅಣ್ಣ ಫೋನ್ ಮಾಡಿ, ತಾಯಿ ಮಗಳು ಪಯ್ಯಂಪಳ್ಳಿಗೆ ಬಂದಿದ್ದಾರೆ ಎಂದರು. ನನಗೆ ಒಂದು ಮಾತು ತಿಳಿಸದೆ ತವರಿಗೆ ಬಂದಿಳಿದಿದ್ದಳು.

ಬೈಕು ಹತ್ತಿ ಹೋದೆ. ಅಂಗಳದ ತುಂಬ ಕಾಪಿ ಒಣಹಾಕಿದ್ದರು. ಅವಳು ಅಂಚಿನಲ್ಲಿ ನಿಂತಿದ್ದಳು, ಒಳಗೆ ಬನ್ನಿ ಎನ್ನಲಿಲ್ಲ.

"ಬೇಲಿ ಬಿಟ್ಟು ಬರೋಕೆ ಮನಸ್ಸಿಲ್ಲ ಅಂತ ಹೇಳಿದ್ರೆ ಜಗಳ ಆಡ್ತಿದ್ದೆ ಅಷ್ಟೇ," ಎಂದಳು. "ಆ ವಕೀಲರ ಕಣ್ಣು ಹೇಗಿದೆ ಅಂತ ಪ್ರತಿ ವಾರ ಕೇಳ್ತಿದ್ದೆನಲ್ಲ ನಾನು. ಅವರಿಗೆ ನಮಸ್ಕಾರ ಹೇಳಿ ಕಳಿಸ್ತಿದ್ದೆ."

ನಾನು ತಪ್ಪಾಯಿತು ಎಂದೆ. ಅದು ಅವಳಿಗೆ ಬೇಕಿರಲಿಲ್ಲ.

"ಕಾರ್ಡಿಗೆ ಇನ್ನೂ ಐದು ವಾರ ಇದೆ. ಈಗ ಹೊರಟು ಅಲ್ಲಿ ಇಳಿದು, ಇದ್ದದ್ದು ಇದ್ದ ಹಾಗೆ ಹೇಳಬಹುದು. ಬಿಡ್ತಾರೋ, ವಾಪಸು ಕಳಿಸೋಕೆ ಬರೀತಾರೋ, ಅವರಿಗೆ ಬಿಟ್ಟದ್ದು. ಬಿಟ್ರೆ ದಿನ ತುಂಬೋವರೆಗೆ ಎರಡು ವರ್ಷ ಅಲ್ಲಾಡೋ ಹಾಗಿಲ್ಲ. ನಿಮಗೆ ಬೇಕಾ? ಈಗ್ಲಾದ್ರೂ ನಿಜ ಹೇಳಿ."

ಮಗಳು ಬಾಗಿಲಲ್ಲಿ ಬಂದು ನಿಂತಿದ್ದಳು. ಎತ್ತರವಾಗಿದ್ದಳು. ಅವಳನ್ನು ನೋಡುತ್ತಾ ಬೇಡ ಎನ್ನುವುದು ನನ್ನಿಂದಾಗದು ಅನ್ನಿಸಿತು. ಆದರೆ ಇನ್ನೊಂದು ಸುಳ್ಳೂ ಆಗದು.

"ಅಲ್ಲಿ ಇರೋಕೆ ನಂಗೆ ಆಗಲ್ಲ. ನಿಮ್ಮನ್ನ ಬಿಟ್ಟೂ ಆಗಲ್ಲ."

"ಹಾಗಾದ್ರೆ ನೀನು ಬರೋದೇ ಇಲ್ವಾ ಅಪ್ಪ?" ಎಂದಳು ಮಗಳು.

"ಬರ್ತೀನಿ. ನೆಂಟರ ಹಾಗೆ ಬಂದು ಹೋಗ್ತೀನಿ."

ಮಗಳು ಒಳಗೆ ಹೋದಳು. ಹೆಂಡತಿ ಬಗ್ಗಿ ಅಂಚಿಗೆ ಚೆಲ್ಲಿದ ಕಾಪಿಯನ್ನು ಕೈಯಿಂದ ಒಳಗೆ ಸರಿಸಿದಳು. ಕೊನೆಗೆ, "ಕಾಗದ ಎಲ್ಲಿವೆ? ನಾಳೆ ಎಲ್ಲ ತನ್ನಿ. ಇನ್ಮೇಲೆ ನಾನು ನೋಡ್ತೀನಿ," ಎಂದಳು.

ಕಾಯಂ ವಾಸದ ಹಕ್ಕಿರುವವನಿಗೆ ಭೇಟಿಯ ವೀಸಾ ಸಿಗದು, ಹಾಗಾಗಿ ಅದನ್ನು ನಾನಾಗಿಯೇ ಬಿಟ್ಟುಕೊಡುವ ಅರ್ಜಿಗೆ ಸಹಿ ಹಾಕಿದೆ. ಅದು ಮಂಜೂರಾದ ಮೇಲೆ ಭೇಟಿಯ ವೀಸಾಕ್ಕೆ ಅರ್ಜಿ. ಈ ಸಲ ನಾನು ಊರಿಗೆ ಮರಳಿಯೇ ಮರಳುತ್ತೇನೆ ಎಂದು ತೋರಿಸಬೇಕಿತ್ತು. ವಾಪಸು ಹೋದ ಮೇಲೆ ಅವಳು ಅಲ್ಲಿಂದ ಒಂದೊಂದೇ ಕೇಳುತ್ತಿದ್ದಳು. ಭೂತೆರಿಗೆಯ ರಸೀತಿ, ಬೇಲಿ ಹಾಕಿದ ಜಾಗಗಳ ಫೋಟೋ, ಕೆಲಸ ಕೊಟ್ಟವರ ಪತ್ರ. ಬಾಯಿಮಾತಿನಲ್ಲಿ ಹೇಳಿದ್ದು ಒಂದನ್ನೂ ಬರೆದುಕೊಳ್ಳಲಿಲ್ಲ. ಹೆಂಡತಿ ಮಗಳು ಅಲ್ಲೇ ಇರುವಾಗ ಇವನು ಮರಳುತ್ತಾನೆಂದು ಯಾರು ನಂಬುತ್ತಾರೆ ಎಂದು ನಾನು ಏಳು ವಾರ ನಿದ್ದೆಗೆಟ್ಟೆ. ವೀಸಾ ಬಂತು.

ಮಗಳ ಬೇಸಿಗೆ ರಜೆಗೆ ಹೋಗಿ ಆರು ವಾರ ಇದ್ದು ಬಂದೆ. ಮೊದಲ ವಾರ ಹೆಂಡತಿ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡಿದಳು. ಎರಡನೆಯ ವಾರ ಒಂದು ಬೆಳಿಗ್ಗೆ ಡ್ಯೂಟಿಯಿಂದ ಬಂದು ಶೂ ಬಿಚ್ಚುತ್ತಾ, "ಊರಲ್ಲಿ ಮಳೆ ಜೋರಾಯ್ತಾ?" ಎಂದು ಕೇಳಿದಳು.

"ಗೊತ್ತಿಲ್ಲ," ಎಂದೆ. "ಫೋನ್ ಮಾಡಿ ಕೇಳಿ ಹೇಳ್ತೀನಿ."