ದೊಡ್ಡಕ್ಕನ ಮೈ ಮಾತು ಕೇಳಲಿಲ್ಲ

ಎರಡನೆಯ ಸಲವೂ ರಕ್ತದ ವರದಿ ಹಾಗೆಯೇ ಬಂದಾಗ ದೊಡ್ಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದೆಂದು ಸುತ್ತ ನೋಡಿದರೆ ಅಲ್ಲಿದ್ದದ್ದು ಆಸ್ಪತ್ರೆಯ ಒಗೆದ ಬೆಡ್‌ಶೀಟುಗಳ ರಾಶಿ ಮಾತ್ರ. ಒಂದನ್ನು ಎಳೆದು ಕೊಡವಿದಳು, ಮಡಿಸಿದಳು, ಅಂಚು ಸರಿ ಕೂರಲಿಲ್ಲವೆಂದು ಬಿಚ್ಚಿ ಮತ್ತೆ ಕೊಡವಿದಳು.

ಬಟ್ಟೆಯ ಕೋಣೆ ಅವಳ ಜಾಗವೇ ಅಲ್ಲ. ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ತೊಳೆದು, ಮರಳಿ ಮೈಗೆ ಸೇರಿಸುವ ಡಯಾಲಿಸಿಸ್ ವಾರ್ಡಿನಲ್ಲಿ ನರ್ಸಾಗಿದ್ದುಕೊಂಡು ಅವಳು ಕೂದಲು ನರೆಸಿಕೊಂಡವಳು. ಎಂಥ ಸೊರಗಿದ ತೋಳಿನಲ್ಲೂ ನಾಳ ಹುಡುಕಿ ಸೂಜಿ ಇಳಿಸುವುದರಲ್ಲಿ ಅವಳದು ಎತ್ತಿದ ಕೈ. "ದೊಡ್ಡಕ್ಕ ಬರ್ಲಿ, ಅಲ್ಲೀವರ್ಗೂ ಯಾರೂ ನನ್ನ ಮುಟ್ಬೇಡಿ" ಎಂದು ಹಟ ಹಿಡಿಯುವ ರೋಗಿಗಳಿದ್ದರು, ಅದರಲ್ಲೂ ಎಲ್ಲರೂ ಮಾವ ಎನ್ನುವ ಬಸ್ ಡ್ರೈವರೊಬ್ಬರು. ಅವಳು ಮೇಲೆ ಮೇಲೆ ಗದರುತ್ತಿದ್ದಳು, ಒಳಗೊಳಗೇ ಉಬ್ಬುತ್ತಿದ್ದಳು. ಮನೆಯಲ್ಲಿ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳದ ಹೆಂಗಸಿಗೆ ಅಷ್ಟು ಸಾಕಾಗಿತ್ತು.

ಹೀಗಿರುವಾಗ ಆಸ್ಪತ್ರೆಯವರು ಹೊಸ ನಿಯಮ ತಂದರು. ರಕ್ತದ ಜೊತೆ ಕೆಲಸ ಮಾಡುವವರು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡರಷ್ಟೇ ಸಾಲದು, ಮೈ ಆ ರೋಗವನ್ನು ತಡೆಯುವ ಪ್ರತಿಕಾಯ ತಯಾರಿಸಿದೆಯೆಂದು ಪರೀಕ್ಷೆಯಲ್ಲಿ ತೋರಿಸಬೇಕು. ಅಳತೆ ಹತ್ತು ದಾಟಬೇಕು. ದಾಟದವರಿಗೆ ವಾರ್ಡಿಲ್ಲ. ಹಿರಿಯರಿಂದ ಶುರು, ಉಳಿದವರದು ನಿಧಾನಕ್ಕೆ ಎಂದರು; ಆ ನಿಧಾನ ಇನ್ನೂ ಮುಗಿದಿರಲಿಲ್ಲ. ದೊಡ್ಡಕ್ಕನ ಅಳತೆ ದಾಟಲಿಲ್ಲ. ಅವಳನ್ನು ಬಟ್ಟೆ ಮಡಿಸಲು ಕಳಿಸಿದರು. ಲಸಿಕೆಯ ಇನ್ನೊಂದು ಸುತ್ತನ್ನು ಪೂರ್ತಿ ಹಾಕಿಸಿಕೊಂಡಳು. ಆಗಲೂ ದಾಟಲಿಲ್ಲ. ಅವಳ ಯಂತ್ರಗಳ ಮುಂದೆ ಈಗ ಗುಬ್ಬಿ ನಿಂತಿದ್ದಳು. ಗುಬ್ಬಿ ಎಂದರೆ ವಾರ್ಡಿನ ಚಿಕ್ಕ ನರ್ಸು, ದೊಡ್ಡಕ್ಕನೇ ಕೈಹಿಡಿದು ಕಲಿಸಿದ ಹುಡುಗಿ.

"ನಿನ್ ಮೈಗೂ ನಿನ್ ಥರಾನೇ ಹಟ" ಎಂದರು ಅತ್ತೆ, ವಿಷಯ ಕೇಳಿ.

ಮರುದಿನ ದೊಡ್ಡಕ್ಕ ನೇರವಾಗಿ ಲ್ಯಾಬಿಗೆ ನುಗ್ಗಿದಳು. ಲ್ಯಾಬ್ ಡಾಕ್ಟರು ಅವಳ ಮಗಳ ವಯಸ್ಸಿನವಳು. "ಎಲ್ಲಾರ್ ಮೈಯೂ ಮಾಡೋ ಕೆಲ್ಸ ಮಾಡೋಕೆ ನನ್ ಮೈಗೇನ್ ದಾಡಿ ಬಂದಿದೆ, ಹೇಳಿ ನೋಡೋಣ!"

"ಕೂತ್ಕೊಳ್ಳಿ ಅಕ್ಕಾ. ಇದು ಒಬ್ರು ಮಾಡೋ ಕೆಲ್ಸ ಅಲ್ಲ." ಡಾಕ್ಟರು ಕೈಗವಸಿನ ಖಾಲಿ ಡಬ್ಬಿ ತೆಗೆದು ಅದರ ಮೇಲೆ ಗೀಚತೊಡಗಿದಳು. "ಲಸಿಕೆ ಹೋದ ಜಾಗದಲ್ಲಿ ಕಾವಲು ಕೋಶಗಳಿರ್ತವೆ. ಅವು ಅದನ್ನ ನುಂಗಿ, ಚೂರು ಮಾಡಿ, ಆ ಚೂರನ್ನ ಮೈಮೇಲೆ ಅಂಟಿಸ್ಕೊಂಡು ಕಂಕುಳಲ್ಲಿರೋ ಗ್ರಂಥಿಗೆ ಹೋಗ್ತವೆ. ಅಲ್ಲಿ ಟಿ ಕೋಶ ಅಂತ ಸಹಾಯಕರು ಬಂದು ಬಂದು ನೋಡಿ ಹೋಗ್ತಿರ್ತಾರೆ. ಹೆಚ್ಚಿನವರಿಗೆ ಆ ಚೂರು ಏನೂ ಅನ್ಸಲ್ಲ. ಯಾವನೋ ಒಬ್ಬನಿಗೆ ಗುರುತು ಹತ್ತುತ್ತೆ. ಅವನು ಎಚ್ಚರ ಆಗ್ತಾನೆ."

"ಅವ್ನೇ ಪ್ರತಿಕಾಯ ಮಾಡ್ತಾನಾ?"

"ಇಲ್ಲ, ಅದು ಬಿ ಕೋಶದ ಕೆಲ್ಸ. ಅದೂ ಅದೇ ಲಸಿಕೇನ ತಾನೇ ಹಿಡ್ಕೊಂಡು ಕೂತಿರುತ್ತೆ, ಆದ್ರೆ ತಾನಾಗೇ ಶುರು ಹಚ್ಕೊಳ್ಳಲ್ಲ. ತನ್ನ ಹತ್ರ ಇರೋ ಚೂರನ್ನ ಆ ಸಹಾಯಕನಿಗೆ ತೋರಿಸ್ಬೇಕು, ಅವನು 'ಹೌದು, ಇದೇ' ಅನ್ಬೇಕು. ಆಗ ಒಂದಿದ್ದದ್ದು ಸಾವಿರ ಆಗುತ್ತೆ. ಕೆಲವು ಪ್ರತಿಕಾಯ ಸುರಿಸೋ ಕಾರ್ಖಾನೆ ಆಗ್ತವೆ, ಕೆಲವು ನೆನಪಿಟ್ಕೊಂಡು ಕಾಯ್ತವೆ."

"ಅಂದ್ರೆ ನಮ್ ಆಫೀಸೇ ಬಿಡಿ. ಒಬ್ಬ ತರ್ಬೇಕು, ಒಬ್ಬ ನೋಡ್ಬೇಕು, ಒಬ್ಬ ಮಾಡ್ಬೇಕು. ಮಧ್ಯ ಒಬ್ಬ ಟೀ ಕುಡಿಯೋಕೆ ಹೋದ್ರೆ ಮುಗೀತು ಕಥೆ."

ಡಾಕ್ಟರು ನಕ್ಕಳು. "ಅದಕ್ಕೇ ತೋಳಿನ ಸ್ನಾಯುಗೆ ಕೊಡೋದು. ಅಲ್ಲಿಂದ ಹೊತ್ಕೊಂಡು ಹೋಗೋರು ಚುರುಕು. ಸೊಂಟದ ಕೆಳಗಿನ ಕೊಬ್ಬಿಗೆ ಹೋಯ್ತೋ, ಅಲ್ಲೇ ಬಿದ್ದಿರುತ್ತೆ, ಕೇಳೋರಿರಲ್ಲ. ನಿಮಗೆ ತೋಳಿಗೇ ಕೊಟ್ಟಿದ್ರು ತಾನೇ?"

ದೊಡ್ಡಕ್ಕ ಕುರ್ಚಿ ಹಿಂದೆ ತಳ್ಳಿ ಎದ್ದಳು.

ತೋಳಿಗೆ ಕೊಡಬೇಕೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ವಾರ್ಡಿನಲ್ಲಿ ತೋಳು ನೋಯಿಸಿಕೊಂಡು ಕೂರುವ ಸುಖ ಯಾರಿಗಿದೆ? ರೋಗಿಯನ್ನು ಗಾಲಿಕುರ್ಚಿಯಿಂದ ಎತ್ತಿ ಮಲಗಿಸಬೇಕು, ದಿನವಿಡೀ ಕೈ ಮೇಲೆತ್ತಿ ಕೊಳವೆ ಜೋಡಿಸಬೇಕು. ರಜೆ ಕೇಳಿದರೆ ಮೇಲಿನವರು ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಲಸಿಕೆಯ ದಿನ ಪರದೆ ಎಳೆದುಕೊಂಡು, ಒಬ್ಬರಿಗೊಬ್ಬರು ಹಿಂಭಾಗಕ್ಕೆ ಚುಚ್ಚಿಕೊಂಡು ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಈ ಉಪಾಯ ತೆಗೆದವಳೇ ದೊಡ್ಡಕ್ಕ. "ಎಲ್ಲಿ ಚುಚ್ಚಿದ್ರೂ ಮೈಯೊಳಗೇ ತಾನೇ ಹೋಗೋದು" ಎನ್ನುತ್ತ ವಾರ್ಡಿನ ಪ್ರತಿ ಹುಡುಗಿಗೂ ತನ್ನ ಕೈಯಾರೆ ಹಾಗೆ ಕೊಟ್ಟಿದ್ದಳು. ತನ್ನ ಎರಡನೆಯ ಸುತ್ತನ್ನೂ ರೂಢಿಯಂತೆ ಅಲ್ಲಿಗೇ ಹಾಕಿಸಿಕೊಂಡಿದ್ದಳು. ಹುಡುಗಿಯರು ನಮ್ಮ ದೊಡ್ಡಕ್ಕನಂಥವರಿಲ್ಲ ಎಂದು ಹೊಗಳಿದ್ದೇ ಹೊಗಳಿದ್ದು.

ಸುಮ್ಮನೆ ತಾನೊಬ್ಬಳು ತೋಳಿಗೆ ಹಾಕಿಸಿಕೊಂಡು ವಾರ್ಡಿಗೆ ಮರಳಿದ್ದರೆ ಆಗುತ್ತಿತ್ತು. ಲ್ಯಾಬಿನ ಮೆಟ್ಟಿಲಿಳಿಯುವಾಗ ಅವಳಿಗೆ ಆ ಯೋಚನೆ ಬಂತು, ಸ್ವಲ್ಪ ಹೊತ್ತು ನಿಂತಿತು ಕೂಡ. ಆದರೆ ವಾರ್ಡಿನ ಗಾಜಿನ ಬಾಗಿಲಾಚೆ ಗುಬ್ಬಿ ರಕ್ತದ ಕೊಳವೆ ಬಿಚ್ಚುತ್ತಿದ್ದಳು, ತನಗೇನೂ ಆಗದೆಂಬ ಧೈರ್ಯದಲ್ಲಿ. ಆ ಧೈರ್ಯ ಕೊಟ್ಟವಳು ದೊಡ್ಡಕ್ಕನೇ.

ಅವಳು ಒಳಗೆ ಹೋಗಿ ಎಲ್ಲರೆದುರೇ ನಡೆದದ್ದನ್ನು ಹೇಳಿದಳು. ವಾರ್ಡಿನ ಮೇಲ್ವಿಚಾರಕ ಕೂಗಾಡಿದ. "ಎಲ್ಲಾರ್ನೂ ನಿಮ್ ಜೊತೆ ಬಟ್ಟೆ ಮಡಿಸೋಕೆ ಕೂರಿಸ್ಲಾ? ರೋಗಿಗಳನ್ನ ನೀವೇ ಮನೆಗೆ ಕರ್ಕೊಂಡ್ ಹೋಗಿ!" ಕೊನೆಗೆ ಎಲ್ಲರೂ ತೋಳಿಗೆ ಹೊಸದಾಗಿ ಲಸಿಕೆ ಹಾಕಿಸಿಕೊಳ್ಳುವುದು, ಅಲ್ಲಿಯವರೆಗೆ ಎರಡೆರಡು ಕೈಗವಸು ತೊಟ್ಟು ಕೆಲಸ ಮಾಡುವುದು ಎಂದಾಯಿತು. ಗುಬ್ಬಿ ಮುಖ ತಿರುಗಿಸಿಕೊಂಡಳು. "ನಂಬ್ಸಿದ್ದು ನೀವೇ ಅಲ್ವಾ ಅಕ್ಕಾ." ದೊಡ್ಡಕ್ಕ ತನ್ನ ತೋಳನ್ನು ಲ್ಯಾಬ್ ಡಾಕ್ಟರಿಗೇ ಒಡ್ಡಿ ಚುಚ್ಚಿಸಿಕೊಂಡಳು.

ಸುತ್ತು ಮುಗಿದ ಮೇಲೆ ಎಲ್ಲರ ರಕ್ತವೂ ಒಟ್ಟಿಗೆ ಹೋಯಿತು. ಹುಡುಗಿಯರದೆಲ್ಲ ಹತ್ತನ್ನು ದಾಟಿ ಎಲ್ಲೋ ಹೋಗಿತ್ತು. ದೊಡ್ಡಕ್ಕನದು ದಾಟಲಿಲ್ಲ.

"ಈ ಸಲ ತೋಳಿಗೇ ಅಲ್ವಾ ಕೊಟ್ಟಿದ್ದು?" ಲ್ಯಾಬಿನಲ್ಲಿ ಅವಳ ದನಿ ಏರಿತು. "ನೀವೇ ಅಲ್ವಾ ಕೊಟ್ಟಿದ್ದು?"

"ಕೆಲವರಿಗೆ ಹೀಗಾಗುತ್ತೆ ಅಕ್ಕಾ. ಚೂರನ್ನ ತಂದು ತೋರಿಸ್ತವೆ, ಗುರುತು ಹಿಡಿಯೋ ಸಹಾಯಕನೇ ಸಿಗಲ್ಲ. ಹುಟ್ಟಿನಿಂದ ಬಂದದ್ದು ಇರ್ಬೇಕು. ಯಾರ ತಪ್ಪೂ ಅಲ್ಲ."

ಅವಳಿಗೆ ತಡೆಯಲಾಗದ್ದು ಆ ಮಾತೇ. ಇಷ್ಟು ದಿನ ಬೈಯಲು ತನ್ನ ಉಪಾಯವಾದರೂ ಇತ್ತು. ಯಾರ ತಪ್ಪೂ ಅಲ್ಲ ಎಂದರೆ ಯಾರನ್ನು ಬೈಯಬೇಕು?

ಬಟ್ಟೆಯ ಕೋಣೆಗೆ ಗುಬ್ಬಿ ವರದಿ ಹಿಡಿದು ಓಡಿಬಂದಳು. "ಅಕ್ಕಾ, ಇನ್ನೂರು! ನೀವು ಯಾವಾಗ ವಾರ್ಡಿಗೆ..." ಎಂದವಳು ದೊಡ್ಡಕ್ಕನ ಮುಖ ನೋಡಿ ಪೆಚ್ಚಾಗಿ ನಿಂತಳು.

"ಆ ಬಸ್ ಡ್ರೈವರ್ ಮಾವನಿಗೆ ಇವತ್ತು ಎಷ್ಟು ಸಲ ಚುಚ್ಚಿದೆ?" ಕೇಳಿದಳು ದೊಡ್ಡಕ್ಕ.

"ಮೂರು ಸಲ. ತುಂಬಾ ಬೈದ್ರು."

"ಬೈದೇ ಇರ್ತಾರಾ? ಕೊಡು ಕೈ." ದೊಡ್ಡಕ್ಕ ಗುಬ್ಬಿಯ ತೋಳನ್ನೆಳೆದು ಮೊಣಕೈ ಕೆಳಗೆ ಹೆಬ್ಬೆರಳಿಟ್ಟಳು. "ಅವ್ರ ನಾಳ ಇಲ್ಲಿಗೆ ಬಂದು ಒಳಕ್ಕೆ ಹೊರಳುತ್ತೆ. ಕಣ್ಣಲ್ಲಿ ಹುಡುಕ್ಬೇಡ. ಒಳಗೆ ಹರಿಯೋ ರಕ್ತ ಬೆರಳಿಗೆ ಗುಂಯ್ ಅನ್ನೋವರ್ಗೂ ಸೂಜಿ ಎತ್ಬೇಡ. ಈ ಓರೆಗೆ ಇಳಿಸು."

ಇದನ್ನು ಅವಳು ಈವರೆಗೆ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟರೆ ತನ್ನನ್ನು ಕೇಳುವವರಿರುವುದಿಲ್ಲವೆಂದು ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದಳು.

"ಗೊತ್ತಾಯ್ತಾ? ಇನ್ನು ಹೋಗು, ಅಲ್ಲಿ ರೋಗಿಗಳು ಕಾಯ್ತಿರ್ತಾರೆ" ಎಂದು ಗದರಿ, ಬಾಗಿಲು ಹಾಕಿಕೊಂಡಳು.